ಕಂಡ ಮಾತ್ರಕ್ಕೆ ಹೊಸತಾಗುವುದಿಲ್ಲ: ಅಮೆಜಾನಿನ ಜೀವಿಗಳಿಗೆ ಹೆಸರು ಸಿಗುವ ಬಗೆ

ಬ್ರೆಜಿಲ್‌ನ ಮನೌಸ್ ನಗರದಲ್ಲಿ ಅಮೆಜಾನ್ ಕಾಡಿನ ಅಧ್ಯಯನಕ್ಕೆಂದೇ ಇರುವ ಇನ್ಪಾ ಎಂಬ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿದೆ. ಅಲ್ಲಿಗೆ ಬಂದವರು ತಪ್ಪದೆ ನೋಡಿ ಹೋಗುತ್ತಿದ್ದ ವಸ್ತುಗಳಲ್ಲಿ ಚೌಕಟ್ಟು ಹಾಕಿಟ್ಟ ಒಣ ಎಲೆಯೂ ಒಂದು. ಅದು ಅಂತಿಂಥ ಎಲೆಯಲ್ಲ. ಆ ಮರದ ಎಲೆ ಎರಡೂವರೆ ಮೀಟರ್‌ವರೆಗೂ ಬೆಳೆಯುತ್ತದೆ. ನೆಟ್ಟಗೆ ನಿಲ್ಲಿಸಿದರೆ ಆಳೆತ್ತರವನ್ನು ಮೀರುತ್ತದೆ. ಸಸ್ಯವಿಜ್ಞಾನಿಗಳು ಆ ಮರವನ್ನು ಮೊದಲು ಕಂಡದ್ದು 1982ರಲ್ಲಿ, ಮಡೈರಾ ನದಿಯ ಜಲಾನಯನ ಪ್ರದೇಶದಲ್ಲಿ. ಅದು ಕೊಕೊಲೊಬಾ ಎಂಬ ಕುಲಕ್ಕೆ ಸೇರಿದ ಮರ ಎಂಬುದು ಅವರಿಗೆ ಆಗಲೇ ತಿಳಿದಿತ್ತು. ಮಾಮೂಲಿ ಮರವಲ್ಲ ಎಂಬುದಂತೂ ಯಾರ ಕಣ್ಣಿಗಾದರೂ ಕಾಣುವಂತಿತ್ತು. ಆದರೂ ಅದಕ್ಕೆ ವೈಜ್ಞಾನಿಕ ಹೆಸರು ಬಂದದ್ದು 2019ರಲ್ಲಿ. ನಡುವೆ 37 ವರ್ಷ ಕಳೆದುಹೋಗಿತ್ತು.

ಇಷ್ಟು ತಡವಾದದ್ದು ಯಾರದೋ ಸೋಮಾರಿತನದಿಂದಲ್ಲ. ಹೂ ಬಿಡುವ ಗಿಡಗಳ ವರ್ಗೀಕರಣ ನಿಂತಿರುವುದು ಮುಖ್ಯವಾಗಿ ಹೂ ಮತ್ತು ಹಣ್ಣುಗಳ ರಚನೆಯ ಮೇಲೆ. ಎಲೆ ನೆರಳಿನಲ್ಲಿ ಒಂದು ಬಗೆ, ಬಿಸಿಲಿನಲ್ಲಿ ಇನ್ನೊಂದು ಬಗೆ. ಎಳೆಯ ಗಿಡದಲ್ಲಿ ಒಂದು ಅಳತೆ, ಬೆಳೆದ ಮರದಲ್ಲಿ ಮತ್ತೊಂದು. ಅದನ್ನು ನಂಬಿ ಹೊಸ ಪ್ರಭೇದ ಎಂದು ಘೋಷಿಸಲಾಗದು. 1982ರಲ್ಲಿ ಕಂಡ ಮರಗಳಲ್ಲಿ ಹೂವೂ ಇರಲಿಲ್ಲ, ಹಣ್ಣೂ ಇರಲಿಲ್ಲ. 1993ರಲ್ಲಿ ರೊಂಡೋನಿಯಾ ರಾಜ್ಯದಲ್ಲಿ ದೊಡ್ಡ ಎಲೆಗಳು ಸಿಕ್ಕವು. ಚೌಕಟ್ಟಿಗೆ ಹೋದದ್ದು ಅವೇ. 2005ರಲ್ಲಿ ಜಮಾರಿ ರಾಷ್ಟ್ರೀಯ ಅರಣ್ಯದಲ್ಲಿ ಒಂದಿಷ್ಟು ಬೀಜ ಮತ್ತು ಬಾಡಿದ ಹೂಗಳು ಸಿಕ್ಕರೂ ವಿವರಣೆಗೆ ಅವು ಸಾಲಲಿಲ್ಲ. ಆಗ ವಿಜ್ಞಾನಿಗಳು ರೈತರ ದಾರಿ ಹಿಡಿದರು. ಬೀಜಗಳನ್ನು ಇನ್ಪಾ ಆವರಣದಲ್ಲೇ ಬಿತ್ತಿ ಕಾದರು. 13 ವರ್ಷಗಳ ನಂತರ, 2018ರಲ್ಲಿ, ಒಂದು ಮರ ಹೂ ಬಿಟ್ಟು ಹಣ್ಣಾಯಿತು. ಮರುವರ್ಷ ಕೊಕೊಲೊಬಾ ಜೈಗ್ಯಾಂಟಿಫೋಲಿಯಾ ಎಂಬ ಹೆಸರು ಅಚ್ಚಾಯಿತು.

ಅಮೆಜಾನಿನಲ್ಲಿ ಹೊಸ ಜೀವಿ ಪತ್ತೆ ಎಂಬ ಸುದ್ದಿ ಓದಿದಾಗ ನಮ್ಮ ಕಣ್ಣ ಮುಂದೆ ಬರುವುದು ಕಾಡು, ಕೆಸರು, ಟಾರ್ಚ್ ಹಿಡಿದ ಸಾಹಸಿಗರು. ಆ ಭಾಗ ಸುಳ್ಳಲ್ಲ, ಆದರೆ ಇಡೀ ಕೆಲಸದಲ್ಲಿ ಬೇಗ ಮುಗಿಯುವುದು ಅದೇ. ಹೊಸ ಪ್ರಭೇದ ಎನ್ನುವುದು ಕಾಡಿನಲ್ಲಿ ಹೆಕ್ಕಿ ತರುವ ವಸ್ತುವಲ್ಲ. ಅಚ್ಚಾದ ಒಂದು ವಾದ. ಇದುವರೆಗೆ ಹೆಸರು ಪಡೆದ ಯಾವ ಜೀವಿಯೂ ಇದಲ್ಲ, ಇಂತಿಂಥ ಕಾರಣಕ್ಕೆ ಅಲ್ಲ ಎಂದು ಪುರಾವೆ ಸಮೇತ ಮಂಡಿಸುವ ವಾದ. ಅದು ಗೆಲ್ಲಬಹುದು, ಬೀಳಲೂಬಹುದು.

ಮೊದಲು ಕಾಡಿನ ಭಾಗವನ್ನೇ ನೋಡೋಣ. ಮೂವತ್ತು ನಲವತ್ತು ಮೀಟರ್ ಎತ್ತರದ ಮರದ ತುದಿಯಲ್ಲಿ ಅರಳಿದ ಹೂವನ್ನು ಕೆಳಗಿಳಿಸುವುದು ಹೇಗೆ? ಬ್ರೆಜಿಲ್‌ನಲ್ಲಿ ಮರ ಹತ್ತುವವರು ಪಾದಗಳಿಗೆ ಪೆಕೊನ್ಯಾ ಎಂಬ ಪಟ್ಟಿಯ ಕುಣಿಕೆ ಹಾಕಿಕೊಂಡು ಕಾಂಡವನ್ನು ಒತ್ತಿ ಹಿಡಿಯುತ್ತಾ ಮೇಲೇರುತ್ತಾರೆ. ಉದ್ದನೆಯ ಗಳುವಿನ ತುದಿಗೆ ಕಟ್ಟಿದ ಕತ್ತರಿಯಿಂದ ಕೊಂಬೆ ಕತ್ತರಿಸುತ್ತಾರೆ. ಅದಕ್ಕೂ ಮೊದಲು ಯಾವ ಮರ ಹತ್ತಬೇಕೆಂದು ಹೇಳುವವರು ಬೇಕಲ್ಲ. ಅದು ಮಟೇರುಗಳ ಕೆಲಸ. ಅವರು ಕಾಡಿನಲ್ಲೇ ಬೆಳೆದ ಮಾರ್ಗದರ್ಶಿಗಳು. ತೊಗಟೆಗೆ ಕತ್ತಿಯಿಂದ ಸಣ್ಣ ಗೀರು ಹಾಕಿ, ಒಳಗಿನ ಬಣ್ಣ ನೋಡಿ, ವಾಸನೆ ಹಿಡಿದು, ಒಸರುವ ಹಾಲನ್ನೋ ಅಂಟನ್ನೋ ಮುಟ್ಟಿ ಮರದ ಗುರುತು ಹೇಳುತ್ತಾರೆ. ಸಸ್ಯವಿಜ್ಞಾನದ ಎಷ್ಟೋ ಪ್ರಬಂಧಗಳ ಕೊನೆಯಲ್ಲಿ ಕೃತಜ್ಞತೆಯ ಒಂದು ಸಾಲಿಗೆ ಇಳಿದುಹೋಗುವ ಈ ಜನ ಇಲ್ಲದಿದ್ದರೆ ಅರ್ಧ ಕೆಲಸ ಸಾಗುವುದಿಲ್ಲ.

ಕೊಂಬೆ ಕೈಗೆ ಬಂದಮೇಲೆ ಹೊಸ ತಾಪತ್ರಯ. ಅಲ್ಲಿನ ತೇವದಲ್ಲಿ ಕಿತ್ತ ಎಲೆ ಬಹುಬೇಗ ಬೂಷ್ಟು ಹಿಡಿಯುತ್ತದೆ, ಕೊಳೆಯುತ್ತದೆ. ಹಾಗಾಗಿ ದೂರದ ಶಿಬಿರಗಳಲ್ಲಿ ರೆಂಬೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಮಡಿಸಿ, ಆಲ್ಕೊಹಾಲ್ ಸುರಿದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುತ್ತಾರೆ. ಊರಿಗೆ ಬಂದಮೇಲೆ ಒಣಗಿಸಿ ಒತ್ತುತ್ತಾರೆ. ಆಲ್ಕೊಹಾಲ್ ಬಣ್ಣವನ್ನು ನುಂಗಿಬಿಡುವುದರಿಂದ ಹೂ ಯಾವ ಬಣ್ಣದ್ದಾಗಿತ್ತು, ಎಂಥ ವಾಸನೆ ಬೀರುತ್ತಿತ್ತು, ಮರ ಎಷ್ಟು ಎತ್ತರ, ನೆಲ ಮರಳೋ ಜೌಗೋ ಎಂಬುದನ್ನು ಅಲ್ಲೇ ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು. ಬರೆಯದಿದ್ದರೆ ಆ ಸಂಗತಿ ಅಲ್ಲಿಗೇ ಕಳೆದುಹೋದ ಹಾಗೆ.

ಪ್ರಾಣಿಗಳ ವಿಷಯದಲ್ಲಿ ಕಣ್ಣಿಗಿಂತ ಕಿವಿಯೇ ಮುಂದೆ ಹೋಗುವುದುಂಟು. ಪೆರು ದೇಶದ ಪುಟುಮಾಯೊ ನದಿಯ ಕೆಳದಂಡೆಯ ಕಾಡುಗಳಲ್ಲಿ ಮಣ್ಣಿನಡಿಯಿಂದ ಪೀಪ್ ಪೀಪ್ ಎಂಬ ಸದ್ದು ಬರುತ್ತದೆ. ಸದ್ದು ಮಾಡುವುದು ಸಿನಾಪ್ಟುರಾನಸ್ ಎಂಬ ಕುಲದ ಕಪ್ಪೆ. ಅದು ನೆಲದೊಳಗೇ ಬದುಕುವ ಜಾತಿಯದು. ಅಲ್ಲಿಗೆ ಜೀವಿಗಳ ಸಮೀಕ್ಷೆಗೆ ಹೋದ ತಂಡದವರು ಸ್ಥಳೀಯರ ನೆರವಿನಿಂದ ಜೌಗುಮಣ್ಣನ್ನು ಅಗೆದು ಹಿಡಿದರು. ಕಂದು ಬಣ್ಣ, ಮುಂದಕ್ಕೆ ಚಾಚಿದ ಮೂತಿ. ಆ ಊರುಗಳ ಜನರಿಗೆ ಅದು ಹಳೆಯ ಪರಿಚಯ. ಮೂತಿ ಟೇಪಿರ್ ಎಂಬ ಚಿಕ್ಕ ಸೊಂಡಿಲಿನ ದೊಡ್ಡ ಪ್ರಾಣಿಯದನ್ನು ಹೋಲುತ್ತದೆಂದು ಅದನ್ನು ಟೇಪಿರ್ ಕಪ್ಪೆ ಎಂದೇ ಕರೆಯುತ್ತಿದ್ದರು. ವಿಜ್ಞಾನಿಗಳು 2022ರಲ್ಲಿ ಅದೇ ಹೆಸರನ್ನು ಎತ್ತಿಕೊಂಡು ಸಿನಾಪ್ಟುರಾನಸ್ ಡಾಂಟಾ ಎಂದರು. ಟೇಪಿರ್‌ಗೆ ಅಲ್ಲಿ ಡಾಂಟಾ ಎನ್ನುತ್ತಾರೆ. ಇದೇ ಕುಲದ ಇನ್ನೊಂದು ಕಪ್ಪೆಗೆ 2021ರಲ್ಲಿ ಸಿನಾಪ್ಟುರಾನಸ್ ಜಾಂಬಿ ಎಂಬ ಹೆಸರು ಬಂದಿತ್ತು. ಮಣ್ಣಿನಿಂದ ಎದ್ದುಬಂದ ಕಪ್ಪೆಗೆ ಆ ಹೆಸರು ಎಂದುಕೊಂಡವರೇ ಹೆಚ್ಚು. ಮಳೆಯಲ್ಲಿ ಬರಿಗೈಯಿಂದ ಕೆಸರು ತೋಡುತ್ತಾ ಜಾಂಬಿಗಳಂತೆ ಕಾಣುತ್ತಿದ್ದದ್ದು ನಾವೇ ಎಂದು ಅದನ್ನು ಹಿಡಿದ ವಿಜ್ಞಾನಿ ತಮಾಷೆ ಮಾಡಿದ್ದರು.

ಹಿಡಿದ ಕಪ್ಪೆಯೊಡನೆ ನಡೆಯುವ ಕೆಲಸಕ್ಕೆ ಒಂದು ಕ್ರಮವಿದೆ. ಜೀವವಿರುವಾಗಲೇ ಫೋಟೊ ತೆಗೆಯಬೇಕು, ಏಕೆಂದರೆ ಸತ್ತ ಕಪ್ಪೆಯ ಬಣ್ಣ ನಿಲ್ಲುವುದಿಲ್ಲ. ಕೂಗನ್ನು ಧ್ವನಿಮುದ್ರಿಸಬೇಕು. ಆಮೇಲೆ ಯಕೃತ್ತಿನದೋ ಸ್ನಾಯುವಿನದೋ ಚೂರನ್ನು ತೆಗೆದು ಎಥನಾಲ್‌ನಲ್ಲಿ ಬೇರೆಯಾಗಿ ಇಡಬೇಕು. ದೇಹವನ್ನು ಗಟ್ಟಿಯಾಗಿಸಲು ಬಳಸುವ ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಜಿಪಿಎಸ್ ಅಂಕಿಗಳನ್ನು ಬರೆದುಕೊಳ್ಳಬೇಕು. ಜೀವಿಯನ್ನು ಕೊಲ್ಲಲೇಬೇಕೇ ಎಂಬ ಪ್ರಶ್ನೆ ಓದುಗರಿಗೆ ಬರುವುದು ಸಹಜ, ವಿಜ್ಞಾನಿಗಳ ನಡುವೆಯೂ ಆ ಜಗಳ ಇದ್ದೇ ಇದೆ. ಫೋಟೊ ಒಂದನ್ನೇ ಆಧರಿಸಿ ಹೆಸರಿಟ್ಟ ಉದಾಹರಣೆಗಳಿವೆ, ಆದರೆ ಅವು ಸದಾ ತಕರಾರಿಗೆ ಒಳಗಾಗುತ್ತವೆ. ಐವತ್ತು ವರ್ಷಗಳ ನಂತರ ಯಾರಾದರೂ ಹಲ್ಲು ಎಣಿಸಬೇಕೆಂದರೆ ಫೋಟೊದಲ್ಲಿ ಎಣಿಸಲಾಗದು.

ಸ್ಥಳದ ಗುರುತು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಪ್ರಸಂಗವಿದೆ. 1996ರಲ್ಲಿ ಮನೌಸ್‌ನಲ್ಲಿದ್ದ ಪ್ರೈಮೇಟ್ (ಕೋತಿ, ವಾನರಗಳ) ತಜ್ಞ ಮಾರ್ಕ್ ವಾನ್ ರೂಸ್ಮಾಲೆನ್ ಅವರ ಮನೆಗೆ ಒಬ್ಬ ವ್ಯಕ್ತಿ ಹಾಲಿನ ಡಬ್ಬಿಯಲ್ಲಿ ಒಂದು ಪುಟ್ಟ ಕೋತಿಮರಿ ತಂದುಕೊಟ್ಟ. ಅಂಥ ಕೋತಿಯನ್ನು ಅವರು ನೋಡಿರಲಿಲ್ಲ. ಕೈಯಲ್ಲಿ ಜೀವಿ ಇದೆ, ಆದರೆ ಎಲ್ಲಿಯದು? ನದಿ ನದಿ ಅಲೆದು ಕೊನೆಗೆ ಅರಿಪುವಾನಾ ನದಿಯ ದಂಡೆಯಲ್ಲಿ ಅದರ ಬಳಗವನ್ನು ಪತ್ತೆ ಮಾಡಿದರು. ವಿವರಣೆ ಅಚ್ಚಾದದ್ದು 1998ರಲ್ಲಿ.

ಅಮೆಜಾನಿನಲ್ಲಿ ನದಿಯ ಯಾವ ದಂಡೆ ಎಂಬುದೇ ದೊಡ್ಡ ಪ್ರಶ್ನೆ. ಆಲ್‌ಫ್ರೆಡ್ ರಸೆಲ್ ವಾಲೇಸ್ ಎಂಬ ಬ್ರಿಟಿಷ್ ಪ್ರಕೃತಿವಿಜ್ಞಾನಿ ಇದನ್ನು 1852ರಲ್ಲೇ ಹೇಳಿದ್ದ. ಕಿರಿದಾದ ತೊರೆಗಳು ಕೋತಿಗಳಿಗೆ ಅಡ್ಡಿಯಲ್ಲ. ಅಮೆಜಾನ್, ನೀಗ್ರೊ, ಮಡೈರಾದಂಥ ಮಹಾನದಿಗಳ ಆಚೆ ಒಂದು ಬಗೆ, ಈಚೆ ಇನ್ನೊಂದು ಬಗೆ ಎಂದು. ಸಂಗ್ರಹಿಸಿದವರು ದಂಡೆ ಯಾವುದೆಂದು ಬರೆಯದೆ ಬರಿಯ ನದಿಯ ಹೆಸರು ಬರೆದುಬಿಡುವುದರ ಬಗ್ಗೆ ಅವನಿಗೆ ತಕರಾರೂ ಇತ್ತು. 2019ರಲ್ಲಿ ಹೆಸರು ಪಡೆದ ಬಿಳಿಬಾಲದ ಮೈಕೊ ಮುಂಡುರುಕು ಎಂಬ ಪುಟ್ಟ ಕೋತಿ ತಪಜೋಸ್ ಮತ್ತು ಜಮಂಶಿಂ ನದಿಗಳ ನಡುವಿನ ನೆಲದ್ದು. ಅಲ್ಲಿ ನೆಲೆಸಿರುವ ಮುಂಡುರುಕು ಜನರ ಹೆಸರನ್ನೇ ಅದಕ್ಕೆ ಇಟ್ಟರು.

ಇನ್ನು ವಸ್ತುಸಂಗ್ರಹಾಲಯದ ಭಾಗ. ಕೆಲಸ ನಿಜವಾಗಿ ಇಲ್ಲಿ ಶುರುವಾಗುತ್ತದೆ, ಹೆಚ್ಚಿನ ಸಲ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರತಿ ಪ್ರಭೇದದ ಹೆಸರಿಗೂ ಒಂದು ಮೂಲ ಮಾದರಿ ಇರುತ್ತದೆ. ಅದನ್ನು ಹೋಲೋಟೈಪ್ ಎನ್ನುತ್ತಾರೆ. ಸಂತೆಯಲ್ಲಿ ತೂಕದ ತಕರಾರು ಎದ್ದಾಗ ಸರ್ಕಾರಿ ಮುದ್ರೆಯ ಬಟ್ಟನ್ನು ತಂದು ತೂಗಿ ನೋಡುವ ಹಾಗೆ, ಹೆಸರಿನ ತಕರಾರು ಎದ್ದಾಗ ಎಲ್ಲರೂ ಹೋಗಿ ನೋಡುವುದು ಆ ಒಂದು ಮಾದರಿಯನ್ನು. ಅದು ಆ ಜಾತಿಯ ಅತ್ಯುತ್ತಮ ಪ್ರತಿನಿಧಿಯಾಗಿರಬೇಕೆಂದೇನೂ ಇಲ್ಲ. ಬಾಲ ಮುರಿದ ಹಲ್ಲಿಯೂ ಆಗಬಹುದು. ಹೆಸರು ಅಂಟಿಕೊಂಡಿರುವುದು ಅದಕ್ಕೆ, ಅಷ್ಟೇ. 1999ರ ನಂತರ ಪ್ರಕಟವಾಗುವ ಹೊಸ ಪ್ರಾಣಿ ಪ್ರಭೇದಕ್ಕೆ ಇಂಥ ಮಾದರಿಯನ್ನು ಸ್ಪಷ್ಟವಾಗಿ ಸೂಚಿಸುವುದು ಕಡ್ಡಾಯ.

ಅಮೆಜಾನಿನ ಕಷ್ಟವೆಂದರೆ ಹಳೆಯ ಮೂಲ ಮಾದರಿಗಳಲ್ಲಿ ಬಹುಪಾಲು ಅಮೆಜಾನಿನಲ್ಲಿ ಇಲ್ಲ. 1817ರಿಂದ 1820ರವರೆಗೆ ಬ್ರೆಜಿಲ್ ಸುತ್ತಿದ ಜರ್ಮನ್ ವಿಜ್ಞಾನಿಗಳಾದ ಸ್ಪಿಕ್ಸ್ ಮತ್ತು ಮಾರ್ಟಿಯಸ್ ತಮ್ಮ ಸಂಗ್ರಹವನ್ನು ಮ್ಯೂನಿಕ್‌ಗೆ ಒಯ್ದರು. 18 ವರ್ಷ ಅಲ್ಲೇ ಕಳೆದ ಆಸ್ಟ್ರಿಯಾದ ನಾಟರರ್ ಅವರ ಸಂಗ್ರಹ ವಿಯೆನ್ನಾ ಸೇರಿತು. ವಾಲೇಸ್ ಜತೆ 1848ರಲ್ಲಿ ಅಮೆಜಾನಿಗೆ ಬಂದಿಳಿದ ಹೆನ್ರಿ ವಾಲ್ಟರ್ ಬೇಟ್ಸ್ 11 ವರ್ಷ ನಿಂತು 14,712 ಪ್ರಭೇದಗಳನ್ನು ಸಂಗ್ರಹಿಸಿದ. ಅವುಗಳಲ್ಲಿ ಸುಮಾರು 8,000 ವಿಜ್ಞಾನಕ್ಕೆ ಹೊಸವು ಎಂದು ಅವನ ಅಂದಾಜು. ಅವೆಲ್ಲ ಹೋದದ್ದು ಇಂಗ್ಲೆಂಡಿಗೆ. ವಾಲೇಸ್‌ನ ಪಾಡು ಇನ್ನೂ ಕೆಟ್ಟದ್ದು: 1852ರಲ್ಲಿ ಊರಿಗೆ ಹೊರಟ ಹಡಗು ನಡುಗಡಲಲ್ಲಿ ಹೊತ್ತಿಕೊಂಡು, ಜತೆಗೆ ಒಯ್ಯುತ್ತಿದ್ದ ಸಂಗ್ರಹವೆಲ್ಲ ಬೂದಿಯಾಯಿತು, ಅವನು ಉಳಿಸಿಕೊಂಡದ್ದು ತಾಳೆಮರ ಮತ್ತು ಮೀನುಗಳ ಕೆಲವು ಚಿತ್ರಗಳನ್ನು.

ಹೀಗಾಗಿ ಅಮೆಜಾನ್ ಸೀಮೆಯ ನಗರಗಳಾದ ಬೆಲೆಂ ಅಥವಾ ಇಕಿಟೋಸ್‌ನಲ್ಲಿ ಕುಳಿತ ಸಂಶೋಧಕ ತನ್ನ ಹಿತ್ತಲಿನ ಗಿಡ ಹೊಸತೋ ಹಳತೋ ಎಂದು ತಿಳಿಯಲು ಯುರೋಪಿಗೆ ಹೋಗಬೇಕಾದ ಪರಿಸ್ಥಿತಿ ಬಹುಕಾಲ ಇತ್ತು. ಈ ಕಷ್ಟ ತಪ್ಪಿಸಲು ಷಿಕಾಗೋದ ಫೀಲ್ಡ್ ಮ್ಯೂಸಿಯಂನ ಮ್ಯಾಕ್‌ಬ್ರೈಡ್ ಎಂಬ ಸಸ್ಯವಿಜ್ಞಾನಿ 1929ರಿಂದ ಯುರೋಪಿನ ಹರ್ಬೇರಿಯಂಗಳಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯಗಳಲ್ಲಿ, ಕುಳಿತು ದಕ್ಷಿಣ ಅಮೆರಿಕದ ಗಿಡಗಳ ಮೂಲ ಮಾದರಿಗಳ ಫೋಟೊ ತೆಗೆಸಿದರು. ಸಾವಿರಾರು ಫೋಟೊಗಳನ್ನು ತೆಗೆದದ್ದು ಬರ್ಲಿನ್‌ನಲ್ಲಿ. 1943ರ ಮಾರ್ಚ್‌ನಲ್ಲಿ ಬಾಂಬ್ ದಾಳಿಗೆ ಬರ್ಲಿನ್ ಹರ್ಬೇರಿಯಂ ಸುಟ್ಟುಹೋಯಿತು. ಎಷ್ಟೋ ಪ್ರಭೇದಗಳ ಮೂಲ ಮಾದರಿಯ ವಿಷಯದಲ್ಲಿ ಇಂದು ಉಳಿದಿರುವುದು ಆ ಕಪ್ಪುಬಿಳುಪು ಫೋಟೊ ಮಾತ್ರ. ಇಂಥ ಬೆಂಕಿ ಹಳೆಯ ಕಾಲದ ಮಾತೂ ಅಲ್ಲ. 2018ರ ಸೆಪ್ಟೆಂಬರ್ 2ರ ರಾತ್ರಿ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉರಿದಾಗ ಸುಮಾರು 50 ಲಕ್ಷ ಕೀಟಗಳ ಸಂಗ್ರಹ ನಾಶವಾಯಿತು. ಹರ್ಬೇರಿಯಂ ಬೇರೆ ಕಟ್ಟಡದಲ್ಲಿ ಇದ್ದುದರಿಂದ ಬಚಾವಾಯಿತು.

ಕಪಾಟುಗಳಲ್ಲಿ ಕೊಳೆಯುತ್ತಿರುವ ಹೊಸತನದ ಲೆಕ್ಕ ಬೆರಗು ಹುಟ್ಟಿಸುವಂಥದ್ದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಇನ್ನೂ ಹೆಸರು ಪಡೆಯದ ಸುಮಾರು 70,000 ಹೂ ಬಿಡುವ ಸಸ್ಯಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಯಾರೋ ಯಾವಾಗಲೋ ಕಿತ್ತು ತಂದು ಹರ್ಬೇರಿಯಂಗಳಲ್ಲಿ ಇಟ್ಟಾಗಿದೆ. ಸಂಗ್ರಹಿಸಿದ ಐದು ವರ್ಷದೊಳಗೆ ಹೆಸರು ಪಡೆದ ಹೊಸ ಸಸ್ಯಗಳು ಕೇವಲ ಶೇ. 16. ಎಲ್ಲ ಬಗೆಯ ಜೀವಿಗಳನ್ನೂ ಸೇರಿಸಿ 2012ರಲ್ಲಿ ಮಾಡಿದ ಇನ್ನೊಂದು ಲೆಕ್ಕದಲ್ಲಿ ಮಾದರಿ ಕಪಾಟು ಸೇರಿದ ದಿನದಿಂದ ವಿವರಣೆ ಅಚ್ಚಾಗುವವರೆಗಿನ ಸರಾಸರಿ ಅವಧಿ 21 ವರ್ಷ. ಅಂದರೆ ಈಗಿನ ಹೊಸ ಪ್ರಭೇದಗಳಲ್ಲಿ ಬಹಳಷ್ಟು ಇಂದಿನ ಸಾಹಸದ ಫಲವಲ್ಲ, ನಿವೃತ್ತರಾದ ಯಾರದೋ ಹಳೆಯ ಓಡಾಟದ ಫಲ.

ಪೆರುವಿನ ಮನು ರಾಷ್ಟ್ರೀಯ ಉದ್ಯಾನದ ಪುಟ್ಟ ಮರವೊಂದರ ಕಥೆ ಇದನ್ನೇ ಹೇಳುತ್ತದೆ. 1973ರಲ್ಲಿ ಕಾಲುದಾರಿಯೊಂದರ ಪಕ್ಕ ರಾಬಿನ್ ಫಾಸ್ಟರ್ ಅದರ ರೆಂಬೆ ಕಿತ್ತರು. ಕಾಗದದ ಗೂಡುದೀಪವನ್ನು ನೆನಪಿಸುವ ಕಿತ್ತಳೆ ಬಣ್ಣದ ಸಣ್ಣ ಹಣ್ಣುಗಳಿದ್ದವು. ಹೂವೂ ಹಣ್ಣೂ ಇದ್ದರೂ ಅದು ಯಾವ ಕುಟುಂಬಕ್ಕೆ ಸೇರಿದ್ದೆಂದು ಯಾರಿಗೂ ಹೇಳಲಾಗಲಿಲ್ಲ. ಕುಲ ಗೊತ್ತಾಗದಿರುವುದು ಉಂಟು. ಹಲವು ಕುಲಗಳನ್ನು ಒಳಗೊಂಡ ಕುಟುಂಬವೇ ಗೊತ್ತಾಗದಿರುವುದು ಅಪರೂಪ. ಒಣಗಿದ ಹಳೆಯ ಎಲೆಯಿಂದ ಡಿಎನ್‌ಎ ತೆಗೆಯುವ ಯತ್ನ ಕೈಗೂಡಲಿಲ್ಲ. ಕೊನೆಗೆ ಪೆರುವಿನ ಪೆಟ್ರೀಷಿಯಾ ಆಲ್ವಾರೆಸ್ ಮನು ಕಾಡಿನಲ್ಲಿ ಅದೇ ಮರವನ್ನು ಹುಡುಕಿ ತಾಜಾ ಎಲೆ ಒದಗಿಸಿದರು. ಪರೀಕ್ಷೆಯಲ್ಲಿ ಅದು ಪಿಕ್ರಾಮ್ನಿಯೇಸಿ ಎಂಬ ಸಣ್ಣ, ಯಾರೂ ಅಷ್ಟಾಗಿ ಊಹಿಸದ ಕುಟುಂಬದ್ದೆಂದು ತಿಳಿಯಿತು. 2021ರಲ್ಲಿ ಹೊಸ ಕುಲವನ್ನೇ ಸೃಷ್ಟಿಸಿ ಎನಿಗ್ಮಾನು ಆಲ್ವರೇಸಿಯೆ ಎಂದು ಹೆಸರಿಟ್ಟರು: ಮನುವಿನ ಒಗಟು, ಎಲೆ ತಂದವರ ನೆನಪಿಗೆ. ಆ ಕಾಡಿನ ಮಚಿಗೆಂಗಾ ಜನ ಅದನ್ನು ಬಳಸುತ್ತಿದ್ದರು, ಅವರಿಗೆ ಅದು ಒಗಟಾಗಿರಲಿಲ್ಲ.

ಡಿಎನ್‌ಎ ಬಂದಮೇಲೆ ಇನ್ನೊಂದು ಬಗೆಯ ಪತ್ತೆ ಸಾಧ್ಯವಾಗಿದೆ. ಹೊಸತೇನೂ ಸಿಗುವುದಿಲ್ಲ, ಎಲ್ಲರಿಗೂ ಗೊತ್ತಿದ್ದ ಒಂದು ಜೀವಿ ಎರಡೋ ಮೂರೋ ಆಗಿಬಿಡುತ್ತದೆ. ವಿದ್ಯುತ್ ಈಲ್ ಮೀನಿಗೆ, ಜೀವಿಗಳ ವೈಜ್ಞಾನಿಕ ಹೆಸರಿನ ಪದ್ಧತಿ ತಂದ ಲಿನೇಯಸ್ ಹೆಸರಿಟ್ಟದ್ದು 1766ರಲ್ಲಿ. ಅಲ್ಲಿಂದ 250 ವರ್ಷ, ಇಡೀ ಅಮೆಜಾನಿಗೆ ಒಂದೇ ಪ್ರಭೇದ ಎಂದೇ ಎಲ್ಲರೂ ನಂಬಿದ್ದರು. ಬ್ರೆಜಿಲ್ ಮೂಲದ ಕಾರ್ಲೋಸ್ ಡೇವಿಡ್ ಡಿ ಸಂಟಾನಾ ಮತ್ತು ಸಂಗಡಿಗರು ಬೇರೆ ಬೇರೆ ನದಿಗಳಿಂದ 107 ಮೀನುಗಳನ್ನು ತಂದು ಡಿಎನ್‌ಎ ಹೋಲಿಸಿದರು. ಮೂರು ಗುಂಪುಗಳು ಒಡೆದು ಕಂಡವು. ಇಲ್ಲಿಗೇ ನಿಲ್ಲಿಸಿದ್ದರೆ ಸಂದೇಹ ಉಳಿಯುತ್ತಿತ್ತು. ಅವರು ತಲೆಬುರುಡೆಯ ಆಕಾರ ನೋಡಿದರು, ವ್ಯತ್ಯಾಸ ಸಿಕ್ಕಿತು. ವಾಸದ ನೆಲೆ ನೋಡಿದರು: ಒಂದು ಗುಂಪು ಉತ್ತರದ ಗಯಾನಾ ಎತ್ತರದ ನೆಲದ್ದು, ಒಂದು ದಕ್ಷಿಣದ ಬ್ರೆಜಿಲ್ ಎತ್ತರದ ನೆಲದ್ದು, ಮತ್ತೊಂದು ನಡುವಿನ ತಗ್ಗಿನದು. ಕೊನೆಗೆ ಮೀನು ಹೊಡೆಯುವ ಶಾಕ್ ಅಳೆದರು. ದಕ್ಷಿಣದ ಮೀನು 860 ವೋಲ್ಟ್ ತೋರಿಸಿತು. ಅದುವರೆಗಿನ ದಾಖಲೆ 650. ಎತ್ತರದ ಹೊಳೆಗಳ ನೀರಿನಲ್ಲಿ ಲವಣ ಕಡಿಮೆ, ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಅದಕ್ಕೆ ತಕ್ಕಂತೆ ಹೆಚ್ಚಿನ ವೋಲ್ಟೇಜ್ ಬೆಳೆದಿರಬಹುದು ಎಂಬುದು ಅವರ ಊಹೆ. 2019ರಲ್ಲಿ ಆ ಮೀನಿಗೆ ಬ್ಯಾಟರಿಯ ಜನಕ ವೋಲ್ಟಾ ಹೆಸರು ಬಂತು. ಇನ್ನೊಂದಕ್ಕೆ ರಿಚರ್ಡ್ ವಾರಿ ಎಂಬ ಮೀನುತಜ್ಞನ ಹೆಸರು. ಡಿಎನ್‌ಎ, ಮೂಳೆ, ನೆಲೆ, ವರ್ತನೆ ಎಲ್ಲವೂ ಒಂದೇ ದಿಕ್ಕಿಗೆ ಕೈ ತೋರಿಸಿದ್ದರಿಂದ ಈ ವಾದ ನಿಂತಿದೆ.

ನಿಲ್ಲದ ವಾದಗಳೂ ಇವೆ. ಅವನ್ನು ಪತ್ರಿಕೆಗಳು ಅಷ್ಟಾಗಿ ಬರೆಯುವುದಿಲ್ಲ. 2013ರ ಕೊನೆಯಲ್ಲಿ ಬ್ರೆಜಿಲ್‌ನ ಮಾರಿಯೊ ಕೊಜುವಾಲ್ ಮತ್ತು ತಂಡ ಟೇಪಿರಸ್ ಕಬೊಮನಿ ಎಂಬ ಹೊಸ ಟೇಪಿರ್ ಪ್ರಕಟಿಸಿತು. ಕತ್ತೆಯಷ್ಟು ದೊಡ್ಡ ಪ್ರಾಣಿ 21ನೇ ಶತಮಾನದವರೆಗೆ ಹೆಸರಿಲ್ಲದೆ ಉಳಿದಿತ್ತೆಂದರೆ ಸುದ್ದಿಯಾಗದೆ ಇರುತ್ತದೆಯೇ? 1865ರ ನಂತರ ಹೊಸ ಟೇಪಿರ್ ಹೆಸರು ಪಡೆದಿರಲಿಲ್ಲ. ಆ ಭಾಗದ ಬೇಟೆಗಾರರು ಎರಡು ಬಗೆಯ ಟೇಪಿರ್‌ಗಳಿವೆ ಎಂದು ಮೊದಲಿನಿಂದ ಹೇಳುತ್ತಿದ್ದರು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1914ರ ಯಾತ್ರೆಯಲ್ಲಿ ಹೊಡೆದ ಒಂದು ಟೇಪಿರ್ ನ್ಯೂಯಾರ್ಕ್‌ನ ಮ್ಯೂಸಿಯಂನಲ್ಲಿತ್ತು. ಅದೂ ಈ ಬಗೆಯದೇ ಎಂದರು. ಮರುವರ್ಷವೇ ಮೂವರು ಸಸ್ತನಿ ತಜ್ಞರು ಆ ಪುರಾವೆಯನ್ನು ಒಂದೊಂದಾಗಿ ಬಿಡಿಸಿ ನೋಡಿ ಒಪ್ಪಲಿಲ್ಲ. ಎರಡನ್ನು ಬೇರ್ಪಡಿಸಲು ಡಿಎನ್‌ಎಯ ಅಂತರ ಸಾಲದು, ತಲೆಬುರುಡೆಯ ಅಳತೆಗಳೂ ಸಾಲವು ಎಂಬುದು ಅವರ ವಾದ. ಆ ಪ್ರಾಣಿಯನ್ನು ಇಂದು ಪ್ರತ್ಯೇಕ ಪ್ರಭೇದವೆಂದು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ.

ಅನಕೊಂಡಾದ್ದು ಇನ್ನೂ ಈಚಿನ ಗಲಾಟೆ. 2024ರ ಫೆಬ್ರುವರಿಯಲ್ಲಿ ಬ್ರಯಾನ್ ಫ್ರೈ, ಹೆಸುಸ್ ರಿವಾಸ್ ಮತ್ತಿತರರು ಹಸಿರು ಅನಕೊಂಡಾ ಒಂದಲ್ಲ, ಎರಡು ಎಂದರು. ಉತ್ತರದ ಹಾವಿಗೆ ಯುನೆಕ್ಟೆಸ್ ಅಕಾಯಿಮಾ ಎಂದು ಹೆಸರಿಟ್ಟರು. ಈಕ್ವೆಡಾರ್‌ನ ವಾವೊರಾನಿ ಜನರ ನೆಲದಲ್ಲಿ ಅವರ ಬೇಟೆಗಾರರೊಡನೆ ದೋಣಿಯಲ್ಲಿ ಹೋಗಿ ಹಾವು ಹಿಡಿದ ದೃಶ್ಯಗಳು ಲೋಕವೆಲ್ಲ ಸುತ್ತಿದವು. ಎರಡರ ನಡುವೆ ಶೇ. 5.5ರಷ್ಟು ಆನುವಂಶಿಕ ಅಂತರವಿದೆ, ಮನುಷ್ಯ ಮತ್ತು ಚಿಂಪಾಂಜಿಯ ಅಂತರಕ್ಕಿಂತ ಇದು ಹೆಚ್ಚು ಎಂಬ ಮಾತೂ ಸುದ್ದಿಗಳಲ್ಲಿ ಹರಿದಾಡಿತು. ಈ ಹೋಲಿಕೆ ಸರಿಯಲ್ಲ. ಹಾವಿನಲ್ಲಿ ಅಳೆದದ್ದು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಭಾಗದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುವಂಥದ್ದು, ಉಳಿದ ಡಿಎನ್‌ಎಗಿಂತ ವೇಗವಾಗಿ ಬದಲಾಗುವಂಥದ್ದು. ಚಿಂಪಾಂಜಿಯ ಸಣ್ಣ ಅಂಕಿ ಇಡೀ ಜೀನೋಮಿನದು, ಅಂದರೆ ಒಟ್ಟು ಡಿಎನ್‌ಎಯದು. ಅಳತೆಗೋಲೇ ಬೇರೆ ಬೇರೆ. ಕೆಲವೇ ತಿಂಗಳಲ್ಲಿ ಸರೀಸೃಪ ತಜ್ಞರು ಇನ್ನೆರಡು ಆಕ್ಷೇಪಗಳನ್ನು ಎತ್ತಿದರು: ಹೆಸರಿಡುವ ನಿಯಮಗಳ ಪ್ರಕಾರ ಬರವಣಿಗೆ ಇಲ್ಲ, ಮತ್ತು ಅನಕೊಂಡಾಕ್ಕೆ 19ನೇ ಶತಮಾನದ ಆರಂಭದಿಂದ ಬಂದ ಹಳೆಯ ಹೆಸರುಗಳು ಇರುವಾಗ ಅವನ್ನು ಇತ್ಯರ್ಥ ಮಾಡದೆ ಹೊಸತನ್ನು ತರುವಂತಿಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕ ಬರುವುದು ಆದ್ಯತೆಯ ನಿಯಮದಿಂದ. ಒಂದು ಪ್ರಾಣಿಗೆ ಎರಡು ಹೆಸರುಗಳಿದ್ದರೆ ಮೊದಲು ಅಚ್ಚಾದದ್ದೇ ಗೆಲ್ಲುತ್ತದೆ, ಅದೆಷ್ಟೇ ಕೆಟ್ಟದಾಗಿರಲಿ. ಪ್ರಾಣಿಗಳ ಲೆಕ್ಕ ಲಿನೇಯಸ್‌ನ 1758ರ ಪುಸ್ತಕದಿಂದ, ಗಿಡಗಳದ್ದು 1753ರಿಂದ ಶುರು. ಆದ್ದರಿಂದ ಹೊಸ ಹಾವಿಗೆ ಹೆಸರಿಡುವವರು ಕಾಡಿನಲ್ಲಿ ಕಳೆದಷ್ಟೇ ಹೊತ್ತನ್ನು ಫ್ರೆಂಚ್, ಜರ್ಮನ್, ಲ್ಯಾಟಿನ್ ಭಾಷೆಯ ಹಳೆಯ ಪುಸ್ತಕಗಳಲ್ಲೂ ಕಳೆಯಬೇಕು. ಗಿಡಗಳ ಹೊಸ ಪ್ರಭೇದಕ್ಕಂತೂ 2011ರ ಕೊನೆಯವರೆಗೆ ಲ್ಯಾಟಿನ್‌ನಲ್ಲೇ ವಿವರಣೆ ಬರೆಯಬೇಕಿತ್ತು. 2012ರಿಂದ ಇಂಗ್ಲಿಷ್ ಕೂಡ ಆಗುತ್ತದೆ.

ಹೆಸರನ್ನು ಯಾವ ಭಾಷೆಯಿಂದ ಬೇಕಾದರೂ ತರಬಹುದು. ಉತ್ತರ ಕನ್ನಡದ ಕತ್ತಲೆಕಾನಿನ ಕಪ್ಪೆಯೊಂದು 2014ರಲ್ಲಿ ಕುಂಬಾರ ಎಂಬ ಹೆಸರಿನಿಂದ ವಿಜ್ಞಾನದ ಪಟ್ಟಿ ಸೇರಿದೆ. ಅದು ಮೊಟ್ಟೆಗಳಿಗೆ ಮಣ್ಣು ಮೆತ್ತುತ್ತದೆ. ಹೆಸರಿಗೆ ಬೆಲೆ ಕಟ್ಟಿದ ಪ್ರಸಂಗವೂ ಅಮೆಜಾನಿನಲ್ಲಿ ನಡೆದಿದೆ. ಬೊಲಿವಿಯಾದ ಮಡಿಡಿ ರಾಷ್ಟ್ರೀಯ ಉದ್ಯಾನದಲ್ಲಿ ರಾಬರ್ಟ್ ವಾಲೇಸ್ ಎಂಬ ಈ ಕಾಲದ ಜೀವವಿಜ್ಞಾನಿ ಮತ್ತು ತಂಡ ಹೊಸ ಟಿಟಿ ಕೋತಿಯೊಂದನ್ನು ಗುರುತಿಸಿ, ಹೆಸರಿಡುವ ಹಕ್ಕನ್ನು 2005ರಲ್ಲಿ ಹರಾಜು ಹಾಕಿದರು. ಆರೂವರೆ ಲಕ್ಷ ಡಾಲರ್ ಕೊಟ್ಟು ಗೆದ್ದದ್ದು ಗೋಲ್ಡನ್ ಪ್ಯಾಲೇಸ್ ಎಂಬ ಆನ್‌ಲೈನ್ ಜೂಜಿನ ಸಂಸ್ಥೆ. ಚಿನ್ನದ ಅರಮನೆ ಎಂಬರ್ಥದ ಲ್ಯಾಟಿನ್ ರೂಪ ಆರಿಪಲಾಟಿ ಎಂದು ಆ ಕೋತಿಯ ಹೆಸರಾಯಿತು. ಹಲವರು ಮೂಗು ಮುರಿದರು. ಹಣ ಹೋದದ್ದು ಉದ್ಯಾನದ ಕಾವಲುಗಾರರ ವೆಚ್ಚಕ್ಕೆ ಎಂದಮೇಲೆ ನನಗೆ ತಕರಾರಿಲ್ಲ. ಯಾವುದೋ ರಾಜಕುಮಾರನ ಹೆಸರನ್ನು ಪುಕ್ಕಟೆಯಾಗಿ ಹೊತ್ತು ತಿರುಗುವ ಹಕ್ಕಿಗಳಿಗಿಂತ ಇದು ಲಾಭದ ವ್ಯವಹಾರ.

ಇಷ್ಟೆಲ್ಲ ಆದಮೇಲೂ ಅಮೆಜಾನಿನಲ್ಲಿ ಎಷ್ಟು ಪ್ರಭೇದಗಳಿವೆ ಎಂಬುದಕ್ಕೆ ಒಮ್ಮತದ ಉತ್ತರ ಇಲ್ಲ. ಮರಗಳನ್ನೇ ತೆಗೆದುಕೊಳ್ಳಿ. 2013ರಲ್ಲಿ ಹಾನ್ಸ್ ಟೆರ್ ಸ್ಟೀಗೆ ಮತ್ತು ನೂರಕ್ಕೂ ಹೆಚ್ಚು ಸಂಗಡಿಗರು ಸಾವಿರಕ್ಕೂ ಮೇಲ್ಪಟ್ಟ ಕಾಡಿನ ತುಣುಕುಗಳ ಎಣಿಕೆಯಿಂದ ಅಂದಾಜು ಮಾಡಿದರು: 39,000 ಕೋಟಿ ಮರಗಳು, ಸುಮಾರು 16,000 ಪ್ರಭೇದಗಳು, ಅವುಗಳಲ್ಲಿ ಬರೀ 227 ಪ್ರಭೇದಗಳೇ ಅರ್ಧ ಕಾಡನ್ನು ತುಂಬಿವೆ. ಉಳಿದ ಸಾವಿರಾರು ಪ್ರಭೇದಗಳು ಅಲ್ಲೊಂದು ಇಲ್ಲೊಂದು. ಆದರೆ 2017ರಲ್ಲಿ ತಜ್ಞರು ಹರ್ಬೇರಿಯಂ ಮಾದರಿಗಳನ್ನು ಪರಿಶೀಲಿಸಿ ತಗ್ಗಿನ ಅಮೆಜಾನ್ ಮಳೆಕಾಡಿಗೆ ಖಚಿತಪಡಿಸಿದ ಮರಗಳ ಸಂಖ್ಯೆ 6,727. ಒಂದು ಅಂದಾಜು, ಇನ್ನೊಂದು ಪರಿಶೀಲಿಸಿದ ಪಟ್ಟಿ. ನಡುವಿನ ಕಂದರದಲ್ಲಿ ಹೆಸರಿಲ್ಲದವೂ ಇವೆ, ತಪ್ಪು ಹೆಸರು ಹೊತ್ತವೂ ಇವೆ.

ಪತ್ತೆಯ ವೇಗವಂತೂ ಕುಗ್ಗಿಲ್ಲ. 2014 ಮತ್ತು 2015ರ ಎರಡು ವರ್ಷಗಳಲ್ಲಿ ಅಮೆಜಾನಿನಿಂದ ಗಿಡಗಳೂ ಬೆನ್ನೆಲುಬಿನ ಪ್ರಾಣಿಗಳೂ ಸೇರಿ 381 ಹೊಸ ಪ್ರಭೇದಗಳು ಪ್ರಕಟವಾದವು: 216 ಗಿಡಗಳು, 93 ಮೀನುಗಳು, 32 ಉಭಯಚರಗಳು, 20 ಸಸ್ತನಿಗಳು, 19 ಸರೀಸೃಪಗಳು, ಒಂದು ಹಕ್ಕಿ. ಕೀಟಗಳು ಈ ಲೆಕ್ಕದಲ್ಲೇ ಇಲ್ಲ, ಸೇರಿಸಿದ್ದರೆ ಪಟ್ಟಿಗೆ ಕೊನೆ ಇರುತ್ತಿರಲಿಲ್ಲ. 2022ರಲ್ಲಿ ಪೆರುವಿನ ಆಲ್ಟೊ ಮಾಯೊ ಎಂಬಲ್ಲಿ ನಡೆದ ಒಂದೇ ಸಮೀಕ್ಷೆಯಲ್ಲಿ 27 ಹೊಸ ಪ್ರಭೇದಗಳು ಸಿಕ್ಕವೆಂದು 2024ರ ಕೊನೆಗೆ ಘೋಷಣೆಯಾಯಿತು. ನೀರಿನಲ್ಲೂ ಬದುಕುವ ಇಲಿ, ವಿಚಿತ್ರವಾಗಿ ಉಬ್ಬಿದ ತಲೆಯ ಮೀನು ಅದರಲ್ಲಿದ್ದವು. ಮೀನು ಅಲ್ಲಿನ ಆವಾಹುನ್ ಜನರಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಆಲ್ಟೊ ಮಾಯೊ ಜನವಸತಿ ಇಲ್ಲದ ದುರ್ಗಮ ಕಾಡೂ ಅಲ್ಲ. ಊರುಗಳು, ಹೊಲಗಳು ಇರುವ ಪ್ರದೇಶ.

ಹೆಸರಿಗಾಗಿ ಇಷ್ಟು ಒದ್ದಾಟ ಯಾಕೆಂದರೆ, ಹೆಸರಿಲ್ಲದ ಜೀವಿಯನ್ನು ಯಾವ ಕಾನೂನೂ ಕಾಪಾಡಲಾರದು. ಅಳಿವಿನಂಚಿನ ಕೆಂಪುಪಟ್ಟಿಗೆ ಸೇರಿಸಬೇಕಾದರೂ, ಅಣೆಕಟ್ಟಿನ ಪರಿಸರ ವರದಿಯಲ್ಲಿ ನಮೂದಿಸಬೇಕಾದರೂ ಮೊದಲು ಹೆಸರು ಬೇಕು. ಕೊಲಂಬಿಯಾದ ಕಾಕೆಟಾ ಪ್ರಾಂತ್ಯದಲ್ಲಿ ಕೆಂಪುಗಡ್ಡದ ಒಂದು ಟಿಟಿ ಕೋತಿ ಇದೆಯೆಂದು ಮಾರ್ಟಿನ್ ಮೊಯ್ನಿಹಾನ್ ಎಂಬ ಪ್ರಾಣಿವಿಜ್ಞಾನಿ ದಶಕಗಳ ಹಿಂದೆಯೇ ಗಮನಿಸಿದ್ದರು. ಆದರೆ ಆ ನೆಲ ಸಶಸ್ತ್ರ ಬಂಡಾಯದ ಕೈಯಲ್ಲಿತ್ತು, ವಿಜ್ಞಾನಿಗಳು ಕಾಲಿಡುವಂತಿರಲಿಲ್ಲ. ಗಲಭೆ ತುಸು ತಗ್ಗಿದ ಮೇಲೆ, 2008ರ ಹೊತ್ತಿಗೆ, ಅದೇ ಪ್ರದೇಶದಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿ ಜಿಪಿಎಸ್ ಹಿಡಿದು ಕಾಲ್ನಡಿಗೆಯಲ್ಲಿ ಸುತ್ತಿ ಅದರ ಹಲವು ಗುಂಪುಗಳನ್ನು ಪತ್ತೆ ಮಾಡಿದ. 2010ರಲ್ಲಿ ಅದಕ್ಕೆ ಕಾಕೆಟಾ ಹೆಸರಿನಲ್ಲೇ ವೈಜ್ಞಾನಿಕ ವಿವರಣೆ ಬಂತು. ಅಷ್ಟರಲ್ಲಿ ಅದರ ಕಾಡು ಹೊಲಗಳಿಗಾಗಿ ತುಂಡು ತುಂಡಾಗಿತ್ತು. ಉಳಿದಿರುವ ಕೋತಿಗಳು 250ಕ್ಕಿಂತ ಕಡಿಮೆ ಎಂಬ ಅಂದಾಜಿತ್ತು. ವಿಜ್ಞಾನಕ್ಕೆ ಅದನ್ನು ಪರಿಚಯಿಸಿದ ಆ ಪ್ರಬಂಧವೇ ಅದನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಬೇಕೆಂದೂ ಕೇಳಿತ್ತು.